ಇಂಗ್ಲಿಷಿನ ‘ಸೆಟ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಪದಶೋಧ:
ಸುದ್ದಿ ಅನುವಾದದಲ್ಲಿ ‘ಸೆಟ್’ ಪದೇ ಪದೇ ತೊಡಕಾಗುತ್ತದೆ. ‘ದಿ ಕೋರ್ಟ್ ಸೆಟ್ ಅಸೈಡ್ ದಿ ಆರ್ಡರ್’ ಎಂಬುದಕ್ಕೆ ‘ನ್ಯಾಯಾಲಯ ಆದೇಶವನ್ನು ಬದಿಗಿಟ್ಟಿತು’ ಅಂತ ಬರೆದರೆ ಸರಿಯೇ? ಸೂರ್ಯ ಮುಳುಗುವುದೂ ಸೆಟ್, ಸಿಮೆಂಟ್ ಬಿಗಿಯುವುದೂ ಸೆಟ್, ಹೋಟೆಲಿನ ಸೆಟ್ ದೋಸೆಯೂ ಸೆಟ್. ಇವಕ್ಕೆಲ್ಲ ಒಂದೇ ಬೇರೋ?

ಬೇರುಬಿಳಲು:
ಒಂದಲ್ಲ, ಎರಡು. ಕ್ರಿಯಾಪದ ಬಂದದ್ದು ಹಳೆಯ ಇಂಗ್ಲಿಷಿನ ‘ಸೆಟ್ಟನ್’ನಿಂದ. ಅದು ‘ಸಿಟ್’ನ ಪ್ರೇರಣಾರ್ಥಕ ರೂಪ, ನಮ್ಮ ಕೂರು–ಕೂರಿಸು ಇದ್ದ ಹಾಗೇ. ಹಾಗಾಗಿ ಮೊದಲು ‘ಕೂರಿಸು’ ಹಾಕಿ ನೋಡಿ. ಉಂಗುರಕ್ಕೆ ಹರಳು ಕೂರಿಸುತ್ತೇವೆ, ಮುರಿದ ಮೂಳೆ ಕೂರಿಸುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಸೆಟ್. ಕೂತದ್ದು ಕದಲದೆ ನಿಂತರೆ ಬಿಗಿಯುತ್ತದೆ. ಜೆಲ್ಲಿ, ಸಿಮೆಂಟ್, ಮೊಸರು ಎಲ್ಲ ಈ ಸಾಲಿನವು. ಮೊಸರಿಗೆ ಮಾತ್ರ ‘ಹೆಪ್ಪುಗಟ್ಟು’ ಇರುವಾಗ ಬೇರೆ ಪದ ಹುಡುಕಬೇಡಿ.

ಗುಂಪು ಎಂಬ ಅರ್ಥದ ನಾಮಪದ ಬೇರೆ ಮನೆಯದು. ಹಳೆಯ ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ನಿನ ‘ಸೆಕ್ಟ’, ಅಂದರೆ ಅನುಯಾಯಿಗಳ ಬಳಗ. ಸೆಟ್ ದೋಸೆ, ಟೀ ಸೆಟ್, ಗಣಿತದ ಗಣ ಈ ಕಡೆಯವು. ಮುಂದೆ ಎರಡೂ ಬೆರೆತವು. ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ ಈ ಕ್ರಿಯಾಪದವೊಂದಕ್ಕೇ 430 ಅರ್ಥಗಳಿವೆ. ಬಾಯಿಪಾಠ ಮಾಡಿ ಮುಗಿಯುವ ಪಟ್ಟಿಯಲ್ಲ ಅದು.

ಕರಡು_ತಿದ್ದು:
‘ಬದಿಗಿಟ್ಟಿತು’ ತಪ್ಪು, ಅದೂ ಅಪಾಯದ ತಪ್ಪು. ವಿಷಯವನ್ನು ಮುಂದಕ್ಕೆ ಹಾಕಿದರು ಅಂತ ಓದುಗರು ತಿಳಿಯುತ್ತಾರೆ. ಕೋರ್ಟಿನ ‘ಸೆಟ್ ಅಸೈಡ್’ ಅಂದರೆ ರದ್ದುಪಡಿಸು. ಆ ಆದೇಶಕ್ಕೆ ಇನ್ನು ಬಲವಿಲ್ಲ. ತಡೆಯಾಜ್ಞೆ ಬೇರೆ, ಅದು ‘ಸ್ಟೇ’. ಜೊತೆಗೆ ‘ಅಂಡ್ ರಿಮಾಂಡೆಡ್’ ಅಂತ ಇದ್ದರೆ ಯಾರನ್ನೂ ಬಂಧನಕ್ಕೆ ಕಳಿಸಿಲ್ಲ, ಪ್ರಕರಣವನ್ನು ಮರುಪರಿಶೀಲನೆಗೆ ಕೆಳ ನ್ಯಾಯಾಲಯಕ್ಕೆ ಕಳಿಸಿದ್ದಾರೆ. ಹಣವನ್ನು ‘ಸೆಟ್ ಅಸೈಡ್’ ಮಾಡಿದರೆ ಮಾತ್ರ ಎತ್ತಿಡುವುದು.

ಇನ್ನೆರಡು ಕಡೆ ಎಡವುತ್ತಾರೆ. ‘ಪ್ರೈಸಸ್ ಸೆಟ್ ಟು ರೈಸ್’ ಅನ್ನುವ ತಲೆಬರಹಕ್ಕೆ ‘ಬೆಲೆ ಏರಲು ಸಿದ್ಧ’ ಅಂತ ಬರೆಯಬೇಡಿ. ‘ಬೆಲೆ ಏರುವ ಸಾಧ್ಯತೆ’ ಸಾಕು. ಅಲಾರಂ ‘ಸೆಟ್’ ಮಾಡಿದರೆ ಹೊತ್ತು ಗೊತ್ತುಮಾಡಿದ್ದು, ‘ಸೆಟ್ ಆಫ್’ ಮಾಡಿದರೆ ಅದು ಬಡಿದುಕೊಳ್ಳುವಂತೆ ಮಾಡಿದ್ದು. ಕಳ್ಳ ಮಾಡುವುದು ಎರಡನೆಯದನ್ನು.

ಪದಶೋಧ:
ರದ್ದುಪಡಿಸು ಅಂತಲೇ ತಿದ್ದುತ್ತೇನೆ. ಭೂತಕಾಲಕ್ಕೆ ‘ಸೆಟ್ಟೆಡ್’ ಇದೆಯೇ?

ಕರಡು_ತಿದ್ದು:
ಇಲ್ಲ. ಮೂರೂ ರೂಪ ಸೆಟ್. ‘ಹಿ ಸೆಟ್ಸ್’ ವರ್ತಮಾನ, ‘ಹಿ ಸೆಟ್’ ಭೂತ. ಕೊನೆಯ ‘ಸ್’ ನೋಡಿಕೊಳ್ಳಿ. ತಲೆಬರಹದಲ್ಲಿ ‘ಕೋರ್ಟ್ ಸೆಟ್ಸ್ ಅಸೈಡ್’ ಅಂತಿದ್ದರೂ ನಡೆದುಹೋದ ಸಂಗತಿಯೇ, ‘ರದ್ದುಪಡಿಸಿತು’ ಅನ್ನಿ.

ಗಾರೆಮಟ್ಟ:
ಸಿಮೆಂಟಿನ ಬಗ್ಗೆ ಒಂದು ಮಾತು. ಸೆಟ್ ಆಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಭಾರತೀಯ ಮಾನಕದ ಪ್ರಕಾರ ಮೊದಲ ಬಿಗಿತ 30 ನಿಮಿಷಕ್ಕಿಂತ ಬೇಗ ಬರಬಾರದು, ಕೊನೆಯ ಬಿಗಿತ 600 ನಿಮಿಷ ಮೀರಬಾರದು. ಬಲ ಬರುವುದು ಆಮೇಲೆ, ನೀರುಣಿಸುತ್ತಾ ಹೋದಂತೆ; ಕಾಂಕ್ರೀಟಿನ ಬಲ ಅಳೆಯುವುದು 28ನೇ ದಿನಕ್ಕೆ. ಹಾಗಾಗಿ ‘ಸೆಟ್ ಆಗಿದೆ’ ಅನ್ನುವಲ್ಲಿ ‘ಗಟ್ಟಿಯಾಗಿದೆ’ ಅಂತ ಬರೆದರೆ ಓದಿದವರು ಅಂದೇ ಆಧಾರದ ಕಂಬ ತೆಗೆದಾರು. ‘ಬಿಗಿದಿದೆ’ ಅನ್ನಿ.