ಎಥೆಲ್ ಅಂಡ್ ಅರ್ನೆಸ್ಟ್: ಅಮ್ಮನಿಗೆ ಮರೆವು ಇರುವಾಗ ಅಪ್ಪನಿಗೆ ಈ ಸಿನಿಮಾ ತೋರಿಸಬಹುದಾ?

ಕಿಟಕಿಪಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 'ಎಥೆಲ್ ಅಂಡ್ ಅರ್ನೆಸ್ಟ್' ನೋಡಿದವರು ಯಾರಾದರೂ ಇದ್ದೀರಾ? 2016ರ ಇಂಗ್ಲಿಷ್ ಅನಿಮೇಷನ್ ಸಿನಿಮಾ. ನಿರ್ದೇಶಕ ರೋಜರ್ ಮೇನ್‌ವುಡ್. 'ದಿ ಸ್ನೋಮ್ಯಾನ್' ಅನ್ನುವ ಮಕ್ಕಳ ಚಿತ್ರಪುಸ್ತಕ ಮಾಡಿದ ರೇಮಂಡ್ ಬ್ರಿಗ್ಸ್ ತನ್ನ ಅಪ್ಪ ಅಮ್ಮನ ಬಗ್ಗೆ 1998ರಲ್ಲಿ ಒಂದು ಚಿತ್ರಪುಸ್ತಕ ತಂದಿದ್ದರು. ಅದೇ ಇದಕ್ಕೆ ಮೂಲ.

ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಎಥೆಲ್ ಲಂಡನ್ನಿನ ಸಿರಿವಂತರ ಮನೆಯಲ್ಲಿ ಕೆಲಸಕ್ಕಿರುವ ಹೆಣ್ಣು. 1928ರಲ್ಲಿ ಒಂದು ದಿನ ಕಿಟಕಿಯಿಂದ ಧೂಳು ಒರೆಸುವ ಬಟ್ಟೆ ಕೊಡವುತ್ತಿರುತ್ತಾಳೆ. ಸೈಕಲ್ ಮೇಲೆ ಹೋಗುತ್ತಿದ್ದ ಅರ್ನೆಸ್ಟ್ ತನಗೇ ಕೈ ಬೀಸಿದಳು ಅಂದುಕೊಂಡು ತಾನೂ ಬೀಸುತ್ತಾನೆ. 1930ರಲ್ಲಿ ಮದುವೆ. ಅವನು ಮನೆ ಮನೆಗೆ ಹಾಲು ಹಾಕುವವನು. ಸಾಲ ಮಾಡಿ ವಿಂಬಲ್ಡನ್ ಪಾರ್ಕ್‌ನಲ್ಲಿ 825 ಪೌಂಡಿನ ಮನೆ ತಗೊಳ್ಳುತ್ತಾರೆ. 1934ರಲ್ಲಿ ಮಗ ಹುಟ್ಟುತ್ತಾನೆ. ಇನ್ನೊಂದು ಮಗು ಬೇಡ, ಅಪಾಯ ಅಂತ ಡಾಕ್ಟರು ಹೇಳುತ್ತಾರೆ. ಆಮೇಲೆ ಯುದ್ಧ, ರೇಷನ್, ಟಿವಿ, ಕಾರು. 1971ರಲ್ಲಿ ಇಬ್ಬರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಳ್ಳುತ್ತಾರೆ. ಅಲ್ಲಿಯವರೆಗೂ ಅದೇ ಮನೆ.

ನನ್ನ ಪ್ರಶ್ನೆ ಕೊನೆಯ ಭಾಗದ ಬಗ್ಗೆ. ಎಥೆಲ್‌ಗೆ ಮರೆವಿನ ಕಾಯಿಲೆ ಬರುತ್ತದೆ. ಅರ್ನೆಸ್ಟ್ ಆಸ್ಪತ್ರೆಗೆ ಬಂದು ನೋಡಿಕೊಂಡು ಹೋದ ಮೇಲೆ, ಆ ಮುದುಕ ಯಾರು ಅಂತ ಮಗನನ್ನೇ ಕೇಳುತ್ತಾಳೆ. ನಮ್ಮ ಮನೆಯಲ್ಲೂ ಈಗ ಇದೇ ನಡೆಯುತ್ತಿದೆ. ಅಮ್ಮ ಕೆಲವು ದಿನ ಅಪ್ಪನನ್ನು ಗುರುತಿಸುವುದಿಲ್ಲ. "ಇವರು ಯಾಕೆ ಇಲ್ಲೇ ಇದ್ದಾರೆ?" ಅಂತ ನನ್ನನ್ನು ಕೇಳುತ್ತಾರೆ. ಅಪ್ಪನಿಗೂ ಕೇಳಿಸುತ್ತದೆ. ಏನೂ ಹೇಳದೆ ಆ ಕೋಣೆಯಿಂದ ಈಚೆ ಬರುತ್ತಾರೆ.

ಅಪ್ಪನಿಗೆ ಎರಡನೇ ಮಹಾಯುದ್ಧದ ಕಾಲದ ಕತೆಗಳು ಅಂದರೆ ತುಂಬಾ ಇಷ್ಟ. ಮೊದಲ ಒಂದು ಗಂಟೆ ಅವರಿಗೆ ಖಂಡಿತ ಹಿಡಿಸುತ್ತದೆ. ಅಣ್ಣ ಮಾತ್ರ ಬೇಡವೇ ಬೇಡ ಅನ್ನುತ್ತಾನೆ. ನೀವೇನು ಹೇಳುತ್ತೀರಿ?

ಹಳೇಪುಟ:

ನಿಮ್ಮ ಅಣ್ಣ ಹೇಳಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಎಥೆಲ್ ಗಂಡನನ್ನು ಮರೆಯುವ ಮಾತು ಒಂದೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಸಿನಿಮಾ ಅಲ್ಲಿಗೆ ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ಅವಳ ಹೆಣವನ್ನೂ ತೋರಿಸುತ್ತದೆ, ಚೂರೂ ಮೆತ್ತಗೆ ಮಾಡದೆ. ಆಮೇಲೆ ಅರ್ನೆಸ್ಟ್ ಒಬ್ಬನೇ ಉಳಿಯುತ್ತಾನೆ, ಅವನೂ ಹೋಗುತ್ತಾನೆ. ಹೆಂಡತಿಯನ್ನು ದಿನವಿಡೀ ನೋಡಿಕೊಳ್ಳುತ್ತಿರುವವರಿಗೆ ಮುಂದೆ ಬರುವುದನ್ನು ಈಗಲೇ ಯಾಕೆ ತೋರಿಸಬೇಕು? ನನಗೇ ಅದು ಭಾರವಾಯಿತು. ಯುದ್ಧದ ಕಾಲದ ಬೇರೆ ಎಷ್ಟೋ ಸಿನಿಮಾಗಳಿವೆ.

ನೀಲಿಶಾಯಿ:

ನಾನು ಚಿತ್ರ ಬರೆಯುವವಳು, ಅದರ ಬಗ್ಗೆ ಮಾತ್ರ ಹೇಳುತ್ತೇನೆ. ಇದು ಕೈಯಲ್ಲೇ ಬರೆದ ಅನಿಮೇಷನ್. ಬ್ರಿಗ್ಸ್ ಪುಸ್ತಕದ ಗೆರೆ, ಬಣ್ಣ, ಆ ದುಂಡು ಮುಖಗಳು ಹಾಗೇ ಉಳಿದಿವೆ. ಮೇನ್‌ವುಡ್ 1982ರ 'ದಿ ಸ್ನೋಮ್ಯಾನ್' ಸಿನಿಮಾದಲ್ಲೂ ಕೆಲಸ ಮಾಡಿದ್ದವರು. ಹಾಗಾಗಿ ಅವರಿಗೆ ಬ್ರಿಗ್ಸ್ ಚಿತ್ರ ಬರೆಯುವ ರೀತಿ ಚೆನ್ನಾಗಿ ಗೊತ್ತಿತ್ತು. ಇಬ್ಬರಿಗೂ ವಯಸ್ಸಾಗುವುದನ್ನು ಗಮನಿಸಿ. ಇದೇ ದೃಶ್ಯದಲ್ಲಿ ಮುದುಕರಾದರು ಅಂತ ಬೆರಳಿಟ್ಟು ಹೇಳಲು ಆಗುವುದಿಲ್ಲ. ಬೆನ್ನು ಸ್ವಲ್ಪ ಬಾಗುತ್ತದೆ. ಕುರ್ಚಿಯಿಂದ ಏಳುವುದು ನಿಧಾನವಾಗುತ್ತದೆ. ನಟರಿಗೆ ಮೇಕಪ್ ಹಾಕಿ ಇದನ್ನು ಮಾಡಿದ್ದರೆ ನಾವು ಮೇಕಪ್ಪನ್ನೇ ನೋಡುತ್ತಿದ್ದೆವು. ಎಥೆಲ್, ಅರ್ನೆಸ್ಟ್ ಪಾತ್ರಗಳಿಗೆ ಮಾತಾಡಿದ ಬ್ರೆಂಡಾ ಬ್ಲೆಥಿನ್, ಜಿಮ್ ಬ್ರಾಡ್‌ಬೆಂಟ್ ಅವರ ದನಿಗಳೂ ಜೊತೆಗೇ ಹಣ್ಣಾಗುತ್ತವೆ. ಕೊನೆಯ ಹಾಡು ಪಾಲ್ ಮೆಕಾರ್ಟ್ನಿ ಅವರದು. ಅದನ್ನು ತಪ್ಪಿಸಬೇಡಿ.

ಅಂಗಳದಾಕೆ:

ಕಿಟಕಿಪಕ್ಕ, ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. ನಮ್ಮ ಅತ್ತೆಗೂ ಇದೇ ಕಾಯಿಲೆ ಇತ್ತು. ಅವರನ್ನು ಕೊನೆಯವರೆಗೂ ನೋಡಿಕೊಂಡವರು ಮಾವ. ನಾನು ಜೊತೆಗಿದ್ದೆ. ಈ ಸಿನಿಮಾ ನೋಡಿದ್ದು ಅತ್ತೆ ಹೋದ ಮೇಲೆ, ಮಾವನ ಪಕ್ಕದಲ್ಲೇ ಕೂತು.

ಹಳೇಪುಟ ಹೇಳಿದ್ದು ನಿಜ, ಕೊನೆ ಕಷ್ಟವೇ. ಆದರೆ ನಿಮ್ಮ ಅಪ್ಪನಿಗೆ ಗೊತ್ತಿಲ್ಲದ ಯಾವುದೂ ಅದರಲ್ಲಿಲ್ಲ. ಅವರು ಅದರ ಜೊತೆಗೇ ಬದುಕುತ್ತಿದ್ದಾರೆ. ಅವರು ಒಬ್ಬರೇ ಅಲ್ಲ ಅಂತ ಯಾರೂ ಅವರಿಗೆ ತೋರಿಸಿಲ್ಲ, ಅಷ್ಟೇ.

ನಮ್ಮ ಮಾವ ಹಿಡಿದುಕೊಂಡದ್ದು ಆ ಆಸ್ಪತ್ರೆಯ ಭಾಗವನ್ನಲ್ಲ, ಗಂಡ ಹೆಂಡತಿಯ ವಾದಗಳನ್ನು. ಅರ್ನೆಸ್ಟ್ ಕಾರ್ಮಿಕರ ಪರವಾದ ಲೇಬರ್ ಪಕ್ಷದವನು, ಪೇಪರ್ ಓದಿ ಜೋರಾಗಿ ಹೇಳುವವನು. ಎಥೆಲ್‌ಗೆ ಎದುರು ಪಕ್ಷದ ಚರ್ಚಿಲ್ ಅಂದರೆ ಗೌರವ. ನಾವು ಕಾರ್ಮಿಕರು ಅಂತ ಅವನು ಹೇಳಿದರೆ ಅವಳಿಗೆ ಸಿಟ್ಟು. 1942ರಲ್ಲಿ ಬೆವರಿಜ್ ವರದಿ, ಅಂದರೆ ಕಷ್ಟದಲ್ಲಿರುವ ಎಲ್ಲರಿಗೂ ಸರ್ಕಾರ ನೆರವಾಗಬೇಕು ಅನ್ನುವ ವರದಿ, ಬಂದಾಗ ಇನ್ನು ಬಡವರ ಕಷ್ಟ ತೀರಿತು ಅಂತ ಅವನಿಗೆ ಸಂಭ್ರಮ. ಅದಕ್ಕೆಲ್ಲ ದುಡ್ಡು ಎಲ್ಲಿಂದ ಅಂತ ಅವಳಿಗೆ ಚಿಂತೆ. 1945ರಲ್ಲಿ ಲೇಬರ್ ಗೆಲ್ಲುತ್ತದೆ, ಮನೆಯೊಳಗೆ ಒಬ್ಬರಿಗೆ ಖುಷಿ, ಒಬ್ಬರಿಗೆ ಗಾಬರಿ. ನಲವತ್ತು ವರ್ಷ ಹೀಗೇ. ಒಬ್ಬರು ಇನ್ನೊಬ್ಬರನ್ನು ಒಪ್ಪಿಸುವುದೇ ಇಲ್ಲ. ಮಾವ ನೋಡುತ್ತಾ ನೋಡುತ್ತಾ "ಇವಳದ್ದೂ ಇದೇ ಬುದ್ಧಿ" ಅಂದರು. ಅತ್ತೆ ಹೋದ ಮೇಲೆ ಅವರ ಬಾಯಲ್ಲಿ ಅತ್ತೆಯ ಕಾಯಿಲೆಯ ಮಾತು ಬಿಟ್ಟು ಬೇರೆ ಮಾತು ಬಂದದ್ದು ಅವತ್ತೇ. ಇಬ್ಬರೂ ಯಾವ ಯಾವ ವಿಷಯಕ್ಕೆ ಜಗಳ ಆಡುತ್ತಿದ್ದರು ಅಂತ ಊಟದ ಹೊತ್ತಿನವರೆಗೂ ಹೇಳಿದರು. ನಾನು ಕೇಳಿರದ ಎಷ್ಟೋ ಸಂಗತಿಗಳು.

ಇದು ಯಾಕೆ ಮುಖ್ಯ ಅಂದರೆ, ಈ ಕಾಯಿಲೆ ಬಂದಾಗ ಮನೆಯವರೆಲ್ಲ ಆ ಮನುಷ್ಯರನ್ನು ಕಾಯಿಲೆಯವರು ಅಂತ ಮಾತ್ರ ನೋಡಲು ಶುರು ಮಾಡುತ್ತಾರೆ. ಸಿನಿಮಾ ಹಾಗೆ ಮಾಡುವುದಿಲ್ಲ. ಎಥೆಲ್ ಮರೆಯುವ ಹೊತ್ತಿಗೆ ಅವಳು ಎಂಥವಳು ಅಂತ ನಮಗೆ ಚೆನ್ನಾಗಿ ಗೊತ್ತಾಗಿರುತ್ತದೆ. ಹೊಸ ಮನೆಯಲ್ಲಿ ಬಚ್ಚಲುಮನೆ ನೋಡಿ ಹಿಗ್ಗಿದವಳು. ಐದು ವರ್ಷದ ಮಗನನ್ನು ಬಾಂಬಿನ ಭಯಕ್ಕೆ ಡಾರ್ಸೆಟ್‌ನ ಹಳ್ಳಿಗೆ ಕಳಿಸಬೇಕಾದಾಗ ಅತ್ತವಳು. ಅದೇ ಮಗ ಒಳ್ಳೆ ಶಾಲೆ ಬಿಟ್ಟು ಚಿತ್ರಕಲೆ ಕಲಿಯುತ್ತೇನೆ ಅಂದಾಗ, ಅದರಲ್ಲಿ ಹೊಟ್ಟೆಪಾಡು ಹೇಗೆ ಅಂತ ಕಂಗಾಲಾದವಳು. ಅವನ ಉದ್ದ ಕೂದಲು ಕಂಡರೆ ಆಗದವಳು. ಆ ಮಗನೇ ಇಷ್ಟೆಲ್ಲ ನೆನಪಿಟ್ಟು ಬರೆದಿದ್ದಾನೆ. ಅಮ್ಮ ಮರೆತದ್ದನ್ನೂ ಬರೆದಿದ್ದಾನೆ. ಬಿಟ್ಟುಬಿಟ್ಟಿದ್ದರೆ ಉಳಿದದ್ದನ್ನೂ ನಾನು ನಂಬುತ್ತಿರಲಿಲ್ಲ.

ಇನ್ನೊಂದು ದೃಶ್ಯ ಹೇಳಲೇಬೇಕು. ಬಾಂಬ್ ದಾಳಿಯ ಕಾಲದಲ್ಲಿ ಅರ್ನೆಸ್ಟ್ ಬೆಂಕಿ ಆರಿಸುವ ಪಡೆಗೆ ಸೇರಿರುತ್ತಾನೆ. ಒಂದು ಪಾಳಿ ಮುಗಿಸಿ ಮನೆಗೆ ಬಂದವನು ಅಲ್ಲಿ ಕಂಡದ್ದನ್ನು ಹೇಳುತ್ತಾ ಕುಸಿದು ಅಳುತ್ತಾನೆ. ಯಾವಾಗಲೂ ನಗಿಸುವ ಗಂಡಸು ಅವನು. ಎಥೆಲ್ ಅವನನ್ನು ತಬ್ಬಿಕೊಳ್ಳುತ್ತಾಳೆ, ಅಷ್ಟೇ. ನಿಮ್ಮ ಅಪ್ಪ ಏನೂ ಹೇಳದೆ ಕೋಣೆಯಿಂದ ಈಚೆ ಬರುತ್ತಾರೆ ಅಂದಿರಲ್ಲ, ಅಂಥವರು ಈ ದೃಶ್ಯ ನೋಡಬೇಕು ಅಂತ ನನಗೆ ಅನಿಸುತ್ತದೆ.

ಆದರೆ ಹೇಳದೆ ತೋರಿಸಬೇಡಿ. ಕೊನೆಯಲ್ಲಿ ಏನಾಗುತ್ತದೆ ಅಂತ ಮೊದಲೇ ಪೂರ್ತಿ ಹೇಳಿಬಿಡಿ, ಆ ಮುದುಕ ಯಾರು ಅನ್ನುವ ಮಾತನ್ನೂ ಸೇರಿಸಿ. ನೋಡುವುದೋ ಬಿಡುವುದೋ ಅವರೇ ಹೇಳಲಿ. ರಿಮೋಟ್ ಅವರ ಕೈಯಲ್ಲೇ ಇರಲಿ. 1969ರಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿಯುವುದನ್ನು ಇಬ್ಬರೂ ಟಿವಿಯಲ್ಲಿ ನೋಡುತ್ತಾರೆ. ಅಲ್ಲಿಂದ ಮುಂದೆ ಕಷ್ಟದ ಭಾಗ ಹತ್ತಿರ ಬಂತು ಅಂತ ಲೆಕ್ಕ. ಬೇಕಿದ್ದರೆ ಅಲ್ಲೇ ನಿಲ್ಲಿಸಬಹುದು. ಮತ್ತೆ, ಅಮ್ಮನನ್ನು ನೋಡಿಕೊಳ್ಳಲು ಬೇರೆ ಯಾರಾದರೂ ಇರುವ ಹೊತ್ತು ನೋಡಿ ಹಾಕಿ. ಅವರ ಕಿವಿ ಒಳಗಿನ ಕೋಣೆಯ ಕಡೆ ಇದ್ದರೆ ಯಾವ ಸಿನಿಮಾವೂ ತಲೆಗೆ ಹೋಗುವುದಿಲ್ಲ.

ಹಳೇಪುಟ:

ಅಂಗಳದಾಕೆ ಅವರೇ, ನಿಮ್ಮ ಮಾವ ನೋಡಿದ್ದು ಎಲ್ಲ ಮುಗಿದ ಮೇಲೆ. ಇವರ ಅಪ್ಪ ಇನ್ನೂ ಅದರ ನಡುವೆ ಇದ್ದಾರೆ. ಎರಡೂ ಒಂದೇ ಅಲ್ಲ, ಅಲ್ವಾ? ನಾನಂತೂ ಈಗ ತೋರಿಸುವುದಿಲ್ಲ.

ಅಂಗಳದಾಕೆ:

ಆ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಅದಕ್ಕೇ ಅವರನ್ನೇ ಕೇಳಿ ಅಂದದ್ದು. ಮಕ್ಕಳು ತಮ್ಮತಮ್ಮಲ್ಲೇ ನಿರ್ಧಾರ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅತ್ತೆಯ ವಿಷಯದಲ್ಲಿ ಎಲ್ಲವನ್ನೂ ನಾವೇ ತೀರ್ಮಾನ ಮಾಡುತ್ತಿದ್ದೆವು, ಮಾವನಿಗೆ ಅದು ತುಂಬಾ ನೋವು ಕೊಟ್ಟಿತ್ತು.

ಕಿಟಕಿಪಕ್ಕ:

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಕತೆ ಪೂರ್ತಿ ಹೇಳಿದೆ, ಕೊನೆಯನ್ನೂ ಬಿಡದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಆ ಮಗ ಅದನ್ನೆಲ್ಲ ಹೇಗೆ ಬರೆದ, ಪುಸ್ತಕ ಇದ್ದರೆ ಮೊದಲು ಅದನ್ನೇ ಕೊಡು ಅಂದರು. ಅವರಿಗೆ ತಮ್ಮ ವೇಗದಲ್ಲಿ ಓದಬೇಕಂತೆ, ಬೇಡ ಅನಿಸಿದಲ್ಲಿ ಮುಚ್ಚಿಡಬೇಕಂತೆ. ಪುಸ್ತಕ ತರಿಸುತ್ತಿದ್ದೇನೆ. ನೀಲಿಶಾಯಿ ಅವರೇ, ಅದರಲ್ಲಿ ಅಕ್ಷರಗಳು ತುಂಬಾ ಸಣ್ಣವಾ? ಅಪ್ಪನಿಗೆ ಕಣ್ಣು ಸ್ವಲ್ಪ ಮಂಜು.

ನೀಲಿಶಾಯಿ:

ಒಂದೊಂದು ಪುಟದಲ್ಲಿ ಸಣ್ಣ ಸಣ್ಣ ಚಿತ್ರಗಳು ಜಾಸ್ತಿ ಇವೆ, ಮಾತುಗಳೂ ಅದರೊಳಗೇ ಕೂತಿವೆ. ಭೂತಗನ್ನಡಿ ಇದ್ದರೆ ಪಕ್ಕದಲ್ಲಿಡಿ. ಇಲ್ಲದಿದ್ದರೆ ನೀವೇ ಪಕ್ಕ ಕೂತು ಓದಿ ಹೇಳಿ.