ದನ ಮೇಯುವ ಗುಡ್ಡದ ಮಣ್ಣಿನ ತೇವಾಂಶ: ಲೆಕ್ಕ ಹಾಕಿದವರು ಅನುಭವ ಹೇಳಿ

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ವರದಾ ನದಿಗೆ ಸೇರುವ ಹಳ್ಳವೊಂದರ ಜಲಾನಯನಕ್ಕೆ ಸ್ವಾಟ್ (ಮಳೆ, ಮಣ್ಣು, ಬೆಳೆಯ ಮಾಹಿತಿಯಿಂದ ನೀರಿನ ಲೆಕ್ಕ ಹಾಕುವ ಕಂಪ್ಯೂಟರ್) ಮಾಡೆಲ್ ಕಟ್ಟಿದ್ದೇನೆ. ಹೆಚ್ಚಿನ ಭಾಗ ಗೋಮಾಳ ಮತ್ತು ಬ್ಯಾಣ (ಹುಲ್ಲಿಗೆಂದು ಬಿಟ್ಟ ಜಾಗ). ಹಳ್ಳದ ಹರಿವು ಅಳತೆಗೆ ಚೆನ್ನಾಗಿ ಹೊಂದುತ್ತಿದೆ. ಆದರೆ ಗುಡ್ಡದ ಹುಲ್ಲು ಡಿಸೆಂಬರಿಗೇ ಒಣಗಿ ನಿಂತಿದ್ದರೂ, ಜನವರಿಯಲ್ಲಿ ಮಣ್ಣಿನಲ್ಲಿ ಬೇಕಾದಷ್ಟು ನೀರಿದೆ ಎನ್ನುತ್ತದೆ ಮಾಡೆಲ್. ಎಲ್ಲಿ ಸರಿಪಡಿಸಲಿ?

ಶಿವಮೊಗ್ಗದಿಂದ, ಜಲವಿಜ್ಞಾನದಲ್ಲಿ ಕೆಲಸ ಮಾಡುವವರು:
ಹರಿವು ಹೊಂದಿದ ಮಾತ್ರಕ್ಕೆ ಮಣ್ಣೂ ಹೊಂದಿತು ಅಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆಗ ಮಣ್ಣು ತುಂಬಿಯೇ ಇರುವುದರಿಂದ ಬಿದ್ದದ್ದು ಹಳ್ಳಕ್ಕೆ ಬರುತ್ತದೆ, ಮಣ್ಣಿನ ಲೆಕ್ಕ ತಪ್ಪಿದ್ದರೂ ನ್ಯಾಶ್-ಸಟ್‌ಕ್ಲಿಫ್ ಅಂಕ (ಮಾಡೆಲ್‌ನ ಹರಿವು ಅಳತೆಗೆ ಎಷ್ಟು ಹೊಂದಿದೆ ಎಂದು ಹೇಳುವ ಅಂಕ) ಚೆನ್ನಾಗಿಯೇ ಬರುತ್ತದೆ. ಅಕ್ಟೋಬರ್ ನಂತರದ ಹರಿವನ್ನು ಬೇರೆ ತೆಗೆದು, ಸಣ್ಣ ಹರಿವಿನ ತಪ್ಪೂ ಎದ್ದು ಕಾಣುವ ಹಾಗೆ ಲಾಗ್ ಮೌಲ್ಯದಲ್ಲಿ ಅಂಕ ಹಾಕಿ ನೋಡಿ. ಅಲ್ಲಿ ಬಣ್ಣ ಬಯಲಾಗುತ್ತದೆ.

ನನಗೆ ಮೊದಲ ಅನುಮಾನ ಮಣ್ಣು ನೀರು ಹಿಡಿಯುವ ಶಕ್ತಿಯ ಮೇಲೆ. ಜೇಡಿಯ ಶೇಕಡಾವಾರು ಕೊಟ್ಟು ಸಿದ್ಧಸೂತ್ರದಿಂದ ತೆಗೆದಿದ್ದೀರಾ? ಆ ಸೂತ್ರಗಳು ಹೆಚ್ಚಾಗಿ ಸಮಶೀತೋಷ್ಣ ದೇಶಗಳ ಮಣ್ಣಿನಿಂದ ಬಂದವು. ನಮ್ಮ ಜಂಬಿಟ್ಟಿಗೆ ಮಣ್ಣಿನ ಜೇಡಿ ಕೆಯೊಲಿನೈಟ್ ಎಂಬ ಬಗೆಯದು. ಕಬ್ಬಿಣದ ಆಕ್ಸೈಡ್ ಜತೆ ಅಂಟಿ ಸಣ್ಣ ಕಾಳುಕಾಳಾಗಿ, ಮರಳಿನ ಹಾಗೆ ನೀರು ಬಸಿಯುತ್ತದೆ. ಬೇರಿಗೆ ಸಿಗುವ ನೀರು ಸೂತ್ರ ಹೇಳುವುದಕ್ಕಿಂತ ಕಡಿಮೆ. ನೊರಜು ಕಲ್ಲಿನ ಪಾಲನ್ನೂ ಕಳೆಯಿರಿ. ಗಟ್ಟಿ ಜಂಬಿಟ್ಟಿಗೆ ಎಷ್ಟು ಆಳದಲ್ಲಿ ಸಿಗುತ್ತದೆ ಎಂದು ಅಗೆದೇ ನೋಡಿ.

ಇನ್ನು ಮೇಯಿಸುವುದು. ಸ್ವಾಟ್‌ನ ಗ್ರೇಜಿಂಗ್ ಆಯ್ಕೆ ದನ ತಿಂದ ಹುಲ್ಲು, ತುಳಿದ ಹುಲ್ಲು, ಹಾಕಿದ ಸಗಣಿ ಇಷ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗೊರಸು ನೆಲವನ್ನು ಒತ್ತಿ ಗಟ್ಟಿ ಮಾಡಿದ್ದನ್ನು ನೀವೇ ಹೇಳಬೇಕು: ಮೇಲಿನ ಪದರದ ಬಲ್ಕ್ ಡೆನ್ಸಿಟಿ (ಇಂತಿಷ್ಟು ಗಾತ್ರದ ಒಣ ಮಣ್ಣಿನ ತೂಕ) ಏರಿಸಿ, ನೀರು ಇಂಗುವ ವೇಗ ತಗ್ಗಿಸಿ, ಕರ್ವ್ ನಂಬರ್ (ಮಳೆಯ ಎಷ್ಟು ಪಾಲು ಇಂಗದೆ ಹರಿದುಹೋಗುತ್ತದೆ ಎಂದು ಸೂಚಿಸುವ ಸಂಖ್ಯೆ) ಹೆಚ್ಚಿಸಿ. ಇಡೀ ಆಳಕ್ಕೆ ಬೇಡ, ತುಳಿತದ ಪೆಟ್ಟು ಹೆಚ್ಚಾಗಿ ಮೇಲಿನ 10–15 ಸೆಂ.ಮೀ.ಗೆ. ಆದರೆ ಇದರಿಂದಲೇ ಜನವರಿ ಸರಿಹೋಗದು. ಜುಲೈನಲ್ಲಿ ಗಟ್ಟಿ ನೆಲವೂ ನೆನೆದು ತುಂಬುತ್ತದೆ. ತುಳಿತದ ವ್ಯತ್ಯಾಸ ಕಾಣುವುದು ಅಕ್ಟೋಬರಿನ ಮತ್ತು ಬೇಸಿಗೆಯ ಬಿಡಿ ಮಳೆಗಳಲ್ಲಿ.

ಹೊಸನಗರದಿಂದ, ದನ ಸಾಕುವವರು:
ಗೋಮಾಳ, ಬ್ಯಾಣ ಎರಡನ್ನೂ ಒಂದೇ ಮಾಡಿ ಹಾಕ್ಬೇಡಿ. ನಮ್ಮ ಕಡೆ ಬ್ಯಾಣಕ್ಕೆ ಬೇಲಿ ಇರ್ತದೆ. ಕರಡದ ಹುಲ್ಲು ಕೊಯ್ದ ಮೇಲೇ ದನ ಬಿಡೋದು, ಅಷ್ಟೊತ್ತಿಗೆ ನೆಲ ಒಣಗಿರ್ತದೆ. ಗೋಮಾಳದಲ್ಲಿ ಜುಲೈ ಕೆಸರಲ್ಲೂ ದನ ಓಡಾಡ್ತವೆ. ಒದ್ದೆ ನೆಲ ತುಳಿದ್ರೆ ಆಗೋ ಗಟ್ಟಿಯೇ ಬೇರೆ. ಜೋರು ಮಳೆಯಲ್ಲಿ ದನದ ಹಾದಿ ಹತ್ರ ನಿಂತು ನೋಡಿ, ನೀರು ಕೆಂಪಗೆ ಓಡ್ತಿರ್ತದೆ. ಬೇಲಿ ದಾಟಿ ಎರಡು ಮಾರು ಒಳಗೆ ಹುಲ್ಲಿನ ಬುಡ ಬಿಡಿಸಿದ್ರೆ ಹರಿಯೋ ನೀರೇ ಇರೋದಿಲ್ಲ. ಮತ್ತೆ ಮಲೆನಾಡು ಗಿಡ್ಡ ಸಣ್ಣ ದನ. ಜರ್ಸಿಯ ಮೇವಿನ ಲೆಕ್ಕ ಅದಕ್ಕೆ ಹಾಕ್ಬೇಡಿ.

ತೀರ್ಥಹಳ್ಳಿಯಿಂದ, ಮಣ್ಣು ಪರೀಕ್ಷೆ ಮಾಡುವವರು:
ಮೇಲಿನವರು ಹೇಳಿದ ಬೇಲಿಯ ಎರಡೂ ಬದಿಯಲ್ಲಿ ಅಳೆಯಿರಿ, ಗುಡ್ಡದ ನೆತ್ತಿಯಲ್ಲೂ ಬುಡದಲ್ಲೂ. ತೇವಾಂಶ ಅಳೆಯುವ ಸೆನ್ಸರಿನ ಜತೆ ಬಂದ ಕ್ಯಾಲಿಬ್ರೇಶನ್ ಕಬ್ಬಿಣದ ಅಂಶ ಹೆಚ್ಚಿರುವ ಮಣ್ಣಿಗೆ ಹೊಂದದೇ ಹೋಗಬಹುದು. ಕಡ್ಡಿ ನೊರಜಿಗೆ ತಾಗಿ ಪಕ್ಕದಲ್ಲಿ ಗಾಳಿ ಉಳಿದರೆ ರೀಡಿಂಗ್ ಕಡಿಮೆ ತೋರಿಸುತ್ತದೆ. ಅದೇ ಜಾಗದ ಮಣ್ಣನ್ನು ಉಂಗುರದಲ್ಲಿ ತೆಗೆದು ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ. ಬಂದ ತೇವಾಂಶವನ್ನು ಬಲ್ಕ್ ಡೆನ್ಸಿಟಿಯಿಂದ ಗುಣಿಸಿದರೆ ಮಾಡೆಲ್ ಜತೆ ಹೋಲಿಸಬಹುದು. ಅಕ್ಟೋಬರಿನಿಂದ ಜನವರಿವರೆಗೆ ಬಿಡದೆ ಮಾಡಿ.

ಉಪಗ್ರಹದ ಮಾಹಿತಿ ಇಷ್ಟು ಸಣ್ಣ ಹಳ್ಳಕ್ಕೆ ಸಾಲದು. ಮಣ್ಣಿನ ತೇವ ಅಳೆಯಲು ನಾಸಾ 2015ರಲ್ಲಿ ಹಾರಿಸಿದ ಸ್ಮ್ಯಾಪ್ ಉಪಗ್ರಹ ಮೇಲಿನ 5 ಸೆಂ.ಮೀ. ಮಾತ್ರ ನೋಡುತ್ತದೆ. ಅದರ 9 ಕಿ.ಮೀ. ಚೌಕದಲ್ಲಿ ಕಾಡು, ಅಡಿಕೆ ತೋಟ, ಗದ್ದೆ, ಕೆಲವೆಡೆ ಲಿಂಗನಮಕ್ಕಿ ಹಿನ್ನೀರೂ ಸೇರಿಕೊಳ್ಳುತ್ತವೆ.

ಬೆಂಗಳೂರಿನಿಂದ, ಊರು ಶಿಕಾರಿಪುರ:
ಮಳೆ ಎಲ್ಲಿಯದು ಹಾಕಿದ್ದೀರಿ? ಆಗುಂಬೆಯಲ್ಲಿ ಸರಾಸರಿ 7,000 ಮಿ.ಮೀ. ದಾಟುತ್ತದೆ, ನಮ್ಮೂರಲ್ಲಿ ಅದರ ಕಾಲು ಭಾಗವೂ ಇಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹತ್ತಿರದ್ದನ್ನು ಕೇಳಿ ಪಡೆಯಿರಿ. ಮಾಡೆಲ್ ತೋರಿಸುವ ಹುಲ್ಲಿನ ಎಲೆ ವಿಸ್ತೀರ್ಣದ ಗ್ರಾಫನ್ನೂ ತೆಗೆದು ನೋಡಿ. ಸ್ವಾಟ್ ಹುಲ್ಲನ್ನು ಬೆಳೆಸುವುದು ಉಷ್ಣಾಂಶದ ಲೆಕ್ಕದಲ್ಲಿ, ನಮ್ಮಲ್ಲಿ ಹುಲ್ಲು ಏಳುವುದು ಮಳೆ ಬಿದ್ದ ಮೇಲೆ. ಗ್ರಾಫ್ ಜೂನ್‌ನಲ್ಲಿ ಏರಿ ನವೆಂಬರ್ ಹೊತ್ತಿಗೆ ಇಳಿಯದಿದ್ದರೆ, ಮಣ್ಣಿಗೆ ಕೈಹಾಕುವ ಮೊದಲು ಬಿತ್ತನೆ ಮತ್ತು ಕೊಯ್ಲಿನ ದಿನಾಂಕಗಳನ್ನು ನೀವೇ ಕೊಡಿ.