ಮುಂದಿನ ಹಲ್ಲಿನ ಕಾಂಪೋಸಿಟ್ ಹಳದಿಯಾಗಿದೆ, ಕ್ಯಾಪ್ ಹಾಕಿಸಲೇಬೇಕಾ?

ಟೀಚರಮ್ಮ_ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಮೇಲಿನ ಮುಂದಿನ ಹಲ್ಲಿನ ಮೂಲೆ ಮುರಿದಿತ್ತು. ಹಲ್ಲಿನ ಬಣ್ಣದ ಕಾಂಪೋಸಿಟ್ ಹಾಕಿ, ನೀಲಿ ಲೈಟ್ ಹಿಡಿದು ಗಟ್ಟಿ ಮಾಡಿ ಕಳಿಸಿದರು. ಆಗ ಎಲ್ಲಿ ಮುರಿದಿತ್ತು ಅಂತ ನನಗೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಚೆನ್ನಾಗಿತ್ತು. ಈಗ 14 ತಿಂಗಳಾಗಿದೆ. ಆ ಮೂಲೆ ಮಂಕಾಗಿ ಹಳದಿಗೆ ತಿರುಗಿದೆ, ಹಲ್ಲಿಗೂ ಅದಕ್ಕೂ ಸೇರುವ ಕಡೆ ಕೂದಲೆಳೆಯಂಥ ಕಂದು ಗೆರೆ ಬಂದಿದೆ. ನಾಲಿಗೆ ಆಡಿಸಿದರೆ ತರಿತರಿ ಅನಿಸುತ್ತದೆ. ನೋವಿಲ್ಲ, ಜುಮ್ಮೆನ್ನುವುದೂ ಇಲ್ಲ.

ನನಗೆ ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಬೇಕು. ಅಡಿಕೆ, ತಂಬಾಕು ಏನೂ ಇಲ್ಲ. ಜನವರಿಯಲ್ಲಿ ಬುದ್ಧಿಹಲ್ಲು ಕೀಳಿಸಿದಾಗ ಒಂದು ಮೌತ್‌ವಾಶ್ ಕೊಟ್ಟಿದ್ದರು. ಬಾಯಿ ಸ್ವಚ್ಛ ಅನಿಸುತ್ತದೆ ಅಂತ ಅದನ್ನೇ ಮತ್ತೆ ಮತ್ತೆ ತಂದು ಬಳಸುತ್ತಿದ್ದೇನೆ.

ಮೊನ್ನೆ ಬೇರೆ ಕ್ಲಿನಿಕ್‌ನಲ್ಲಿ ತೋರಿಸಿದೆ. ನೋಡಿದ ಕೂಡಲೇ "ಇದು ಹೋಯ್ತು, ಕ್ಯಾಪ್ ಹಾಕಿಬಿಡೋಣ" ಅಂದರು. ದಿನವಿಡೀ ಮಕ್ಕಳ ಎದುರು ನಿಂತು ಮಾತಾಡುವವಳು ನಾನು, ಬಾಯಿಗೆ ಕೈ ಅಡ್ಡ ಹಿಡಿಯುವುದು ಅಭ್ಯಾಸವೇ ಆಗಿಬಿಟ್ಟಿದೆ. ಬ್ಲೀಚಿಂಗ್ ಮಾಡಿಸಿದರೆ ಸರಿಹೋಗುತ್ತಾ? ಇಲ್ಲ ಕ್ಯಾಪೇ ಗತಿಯಾ?

ನೇರಮಾತು_ತುಮಕೂರು

ಕಾಂಪೋಸಿಟ್ ಹಣೆಬರಹವೇ ಇಷ್ಟು. ನಾನು ಎರಡು ಸಲ ಮಾಡಿಸಿ ಕೊನೆಗೆ ಸೆರಾಮಿಕ್ ಕ್ಯಾಪ್ ಹಾಕಿಸಿದೆ. ಐದು ವರ್ಷ ಆಯ್ತು, ಬಣ್ಣ ಹಾಗೇ ಇದೆ. ಸುಮ್ನೆ ದುಡ್ಡು ಹಾಳು ಮಾಡಿಕೊಳ್ಳಬೇಡಿ ಮೇಡಂ.

ಹಲ್ಲಿನಡಾಕ್ಟರ್_ದಾವಣಗೆರೆ

ಮೇಡಂ, ಸ್ವಲ್ಪ ತಡೆಯಿರಿ. ಸೆರಾಮಿಕ್ ಬಣ್ಣ ಹಿಡಿಯುವುದು ಬಹಳ ಕಡಿಮೆ ಅನ್ನುವುದು ನಿಜ, ಅದರಲ್ಲಿ ತಕರಾರಿಲ್ಲ. ಆದರೆ ಕ್ಯಾಪ್ ಕೂರಬೇಕಾದರೆ ಹಲ್ಲನ್ನು ಸುತ್ತಲೂ ಒಂದು, ಒಂದೂವರೆ ಮಿಲಿಮೀಟರ್ ಸವೆಸಬೇಕು. ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ನಿಮ್ಮದು ಬರೀ ಒಂದು ಮೂಲೆ, ಉಳಿದ ಹಲ್ಲು ಗಟ್ಟಿಯಾಗಿದೆ. ಬಣ್ಣ ಎಲ್ಲಿ ಕೂತಿದೆ ಅಂತ ನೋಡದೆ ಹಲ್ಲು ಸವೆಸುವುದು ನನಗೆ ಒಪ್ಪಿಗೆಯಿಲ್ಲ.

ಕಾಂಪೋಸಿಟ್ ಅಂದರೆ ರೆಸಿನ್ ಅನ್ನುವ ಪ್ಲಾಸ್ಟಿಕ್‌ನಂಥ ವಸ್ತುವಿನಲ್ಲಿ ಗಾಜಿನ ಸಣ್ಣ ಕಣ ಕಲಸಿದ್ದು. ಗಾಜು ಬಣ್ಣ ಕುಡಿಯುವುದಿಲ್ಲ. ರೆಸಿನ್ ನೀರು ಕುಡಿಯುತ್ತದೆ, ನೀರಿನ ಜೊತೆ ಬಣ್ಣವೂ ಒಳಗೆ ಹೋಗುತ್ತದೆ. ಬೋವೆನ್ ಅನ್ನುವ ಅಮೆರಿಕದ ಸಂಶೋಧಕರು 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ರೆಸಿನ್ ಈಗಲೂ ಎಷ್ಟೋ ಬ್ರಾಂಡ್‌ಗಳಲ್ಲಿದೆ. ಅದು ಜೇನುತುಪ್ಪಕ್ಕಿಂತ ಗಟ್ಟಿ, ತೆಳುವಾಗಿಸಲು ಟೆಗ್‌ಡಿಎಂಎ ಅನ್ನುವ ಇನ್ನೊಂದನ್ನು ಸೇರಿಸುತ್ತಾರೆ. ನೀರು ಹೀರುವುದರಲ್ಲಿ ಅದೇ ಮುಂದು.

ಇನ್ನು ಬಣ್ಣ. ಮೇಲ್ಮೈಯಲ್ಲಿ ಕೂತಿದ್ದರೆ ಪಾಲಿಶ್‌ಗೆ ಹೋಗುತ್ತದೆ. ಅಂಚಿನಲ್ಲಿ ಗೆರೆಯಾಗಿದ್ದರೆ ಅಲ್ಲಿ ಅಂಟು ಸ್ವಲ್ಪ ಬಿಟ್ಟಿರಬಹುದು, ಆ ಅಂಚನ್ನಷ್ಟೇ ತೆಗೆದು ತುಂಬಬಹುದು. ಕಂದು ಗೆರೆ ಕಂಡ ಮಾತ್ರಕ್ಕೆ ಹುಳುಕು ಅಂತಲ್ಲ, ಮೆತ್ತಗಾಗಿದೆಯಾ ಅಂತ ಪರೀಕ್ಷೆ ಮಾಡಬೇಕು. ಒಳಗಿನಿಂದಲೇ ಹಳದಿಯಾಗಿದ್ದರೆ ಮಾತ್ರ ಪಾಲಿಶ್ ಉಪಯೋಗವಿಲ್ಲ. ನೀಲಿ ಲೈಟಿಗೆ ಗಟ್ಟಿಯಾಗಲಿ ಅಂತ ಕ್ಯಾಂಫರ್‌ಕ್ವಿನೋನ್ ಅನ್ನುವ ಹಳದಿ ಪುಡಿಯನ್ನೂ ಅಮೈನ್ ಅನ್ನುವ ರಾಸಾಯನಿಕವನ್ನೂ ಹಾಕಿರುತ್ತಾರೆ, ಆ ಅಮೈನ್ ಕಾಲ ಕಳೆದಂತೆ ಬಣ್ಣ ಬದಲಿಸುತ್ತದೆ. ಲೈಟ್ ಸರಿಯಾಗಿ ತಾಗದೆ ಅರೆಬೆಂದಂತೆ ಉಳಿದರೆ ಇದೆಲ್ಲ ಇನ್ನೂ ಬೇಗ. ಅದಕ್ಕೇ ಸಾಮಾನ್ಯವಾಗಿ 2 ಮಿಲಿಮೀಟರ್‌ಗಿಂತ ದಪ್ಪ ಪದರ ಹಾಕುವುದಿಲ್ಲ.

ನೀವು ಬರೆದಿದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಎರಡು. ಒಂದು, ತರಿತರಿ. ಪಾಲಿಶ್ ಹೋಗಿದೆ ಅಂತ ನಿಮ್ಮ ನಾಲಿಗೆಯೇ ಹೇಳುತ್ತಿದೆ. ಇನ್ನೊಂದು ಮೌತ್‌ವಾಶ್. ಬಾಟಲಿ ತಿರುಗಿಸಿ ಹೆಸರು ನೋಡಿ, ಕ್ಲೋರ್‌ಹೆಕ್ಸಿಡಿನ್ ಅಂತಿದೆಯಾ?

ಬ್ಲೀಚಿಂಗ್ ಮಾತ್ರ ಈಗ ಬೇಡ. ಅದು ನಿಮ್ಮ ಹಲ್ಲನ್ನು ಬಿಳಿ ಮಾಡುತ್ತದೆ, ಕಾಂಪೋಸಿಟ್‌ನ ಮೂಲ ಬಣ್ಣವನ್ನು ಬದಲಿಸುವುದಿಲ್ಲ. ಆಮೇಲೆ ಆ ಮೂಲೆ ಇನ್ನೂ ಎದ್ದು ಕಾಣುತ್ತದೆ. ಮಾಡಿಸಲೇಬೇಕು ಅಂದರೆ ಮೊದಲು ಬ್ಲೀಚಿಂಗ್, ಎರಡು ವಾರ ಬಿಟ್ಟು ಹೊಸ ಕಾಂಪೋಸಿಟ್. ಕೂಡಲೇ ಹಾಕಿದರೆ ಸರಿಯಾಗಿ ಅಂಟುವುದಿಲ್ಲ.

ಟೀಚರಮ್ಮ_ಶಿವಮೊಗ್ಗ

ಹೌದು ಡಾಕ್ಟ್ರೇ, ಕ್ಲೋರ್‌ಹೆಕ್ಸಿಡಿನ್ 0.2% ಅಂತಿದೆ! ಇದೂ ಬಣ್ಣ ಹಿಡಿಸುತ್ತಾ? ಬಾಯಿ ತೊಳೆಯುವ ಔಷಧಿ ಅಲ್ವಾ?

ಹಲ್ಲಿನಡಾಕ್ಟರ್_ದಾವಣಗೆರೆ

ಔಷಧಿ ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಅಂತ ಕೊಡುವುದು. ಅದು ಹಲ್ಲಿನ ಮೇಲೆ ಅಂಟಿಕೊಂಡು ಕೂರುವುದರಿಂದಲೇ ಕೆಲಸ ಮಾಡುತ್ತದೆ, ಅಲ್ಲಿಗೆ ಕಾಫಿ, ಟೀ ಬಣ್ಣ ಬಂದು ಸೇರಿದರೆ ಕಂದು ಕಲೆ. ಕನ್ನಡಿಯಲ್ಲಿ ಪಕ್ಕದ ಹಲ್ಲುಗಳ ಸಂದಿಯನ್ನೂ ನೋಡಿಕೊಳ್ಳಿ, ಅಲ್ಲೂ ಇರಬಹುದು. ಬೇರೆ ಯಾರೂ ಮುಂದುವರಿಸಿ ಅಂದಿಲ್ಲದಿದ್ದರೆ ನಿಲ್ಲಿಸಿ.

ಕಾಫಿಯನ್ನು ನಾನು ಬಿಡಿಸುವುದಿಲ್ಲ. ಟೀ ಬಣ್ಣ ಹೆಚ್ಚಾಗಿ ಮೇಲೆಯೇ ಕೂರುತ್ತದೆ, ಬ್ರಶ್‌ಗೆ ಒಂದಷ್ಟು ಹೋಗುತ್ತದೆ. ಕಾಫಿಯದು ಮೇಲೂ ಕೂರುತ್ತದೆ, ರೆಸಿನ್ ಒಳಗೂ ಇಳಿಯುತ್ತದೆ. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿಯಬೇಡಿ, ಕುಡಿದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅಷ್ಟು ಸಾಕು.

ಇಬ್ಬರುಮಕ್ಕಳಮ್ಮ_ಮೈಸೂರು

ಅರಿಶಿನದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದಾಗ ಕಾಣಬಾರದು ಅಂತ ಅವಳೇ ಬಿಳಿ ರಬ್ಬರ್ ಆರಿಸಿಕೊಂಡಳು. ಮಾರನೇ ದಿನ ಮನೆಯಲ್ಲಿ ಚಿತ್ರಾನ್ನ. ಸಂಜೆಗೆ ಎಲ್ಲ ರಬ್ಬರೂ ಅಪ್ಪಟ ಹಳದಿ, ಮಗು ಅತ್ತೇಬಿಟ್ಟಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಮುಂದಿನ ಸಲ ರಬ್ಬರ್ ಬದಲಿಸುವಾಗ ಕಡು ನೀಲಿ ಹಾಕಿಸಿದೆವು, ಆಮೇಲೆ ಆ ತೊಂದರೆ ಇಲ್ಲ. ಹೊಸದಾಗಿ ಫಿಲ್ಲಿಂಗ್ ಮಾಡಿಸಿದವರೂ ಒಂದೆರಡು ದಿನ ಹುಳಿ, ಪಲ್ಯದ ಅರಿಶಿನ ನೋಡಿಕೊಳ್ಳಿ ಅಂತ ಅನಿಸುತ್ತದೆ.

ಹಲ್ಲಿನಡಾಕ್ಟರ್_ದಾವಣಗೆರೆ

ಸರಿಯಾಗಿ ಹೇಳಿದಿರಿ ಅಮ್ಮಾ. ಅರಿಶಿನದ ಕರ್ಕ್ಯುಮಿನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ರಬ್ಬರ್, ರೆಸಿನ್ ಎರಡನ್ನೂ ಹಿಡಿದುಕೊಳ್ಳುತ್ತದೆ. ಬಟ್ಟೆಗಾದ ಅರಿಶಿನ ಕಲೆ ಬಿಸಿಲಿಗೆ ಹಾಕಿದರೆ ಮಾಸುತ್ತದೆ, ಬೆಳಕಿಗೆ ಕರ್ಕ್ಯುಮಿನ್ ಒಡೆಯುತ್ತದೆ. ಬಾಯಿಯೊಳಗೆ ಬಿಸಿಲೆಲ್ಲಿ?

ಲ್ಯಾಬ್‌ಟೆಕ್ನಿಷಿಯನ್_ಹುಬ್ಬಳ್ಳಿ

ನಾನು ಇಪ್ಪತ್ತು ವರ್ಷದಿಂದ ಕ್ಯಾಪ್ ಮಾಡುವವನು, ಆದರೂ ಡಾಕ್ಟರ್ ಮಾತೇ ನನ್ನದು. ತುಮಕೂರಿನ ಸರ್, ನಿಮ್ಮ ಕ್ಯಾಪ್ ಬಣ್ಣ ಉಳಿದಿದ್ದು ಅದರ ಮೇಲಿನ ಗ್ಲೇಜ್‌ನಿಂದಲೂ, ಅಂದರೆ ಗಾಜಿನಂಥ ನುಣುಪು ಪದರದಿಂದಲೂ ಹೌದು. ಕಚ್ಚುವಾಗ ಎತ್ತರ ಆಯ್ತು ಅಂತ ಕ್ಲಿನಿಕ್‌ನಲ್ಲಿ ಸವೆಸಿ, ಪಾಲಿಶ್ ಮಾಡದೆ ಹಾಗೇ ಬಿಟ್ಟರೆ ಸೆರಾಮಿಕ್ ಕೂಡ ಅಲ್ಲಿ ಕಲೆ ಹಿಡಿಯುತ್ತದೆ. ನುಣುಪು ಇಲ್ಲದ ಕಡೆ ಯಾವ ವಸ್ತುವಾದರೂ ಕೊಳೆ ಹಿಡಿಯುತ್ತದೆ.

ಮೇಡಂ, ಹೊಸದಾಗಿ ಏನೇ ಹಾಕಿಸಿದರೂ ಶೇಡ್ ಆರಿಸುವುದನ್ನು ಮೊದಲೇ ಮಾಡಿ ಅಂತ ಕೇಳಿ. ಬಾಯಿ ತೆರೆದು ಹಲ್ಲು ಒಣಗಿದರೆ ಅದು ಇರುವುದಕ್ಕಿಂತ ಬಿಳಿಯಾಗಿ ಕಾಣುತ್ತದೆ. ಆಗ ಆರಿಸಿದ ಶೇಡ್ ಮನೆಗೆ ಹೋದ ಮೇಲೆ ಹೊಂದುವುದಿಲ್ಲ. ಹಲ್ಲಿನ ಬಣ್ಣ ಹೋಲಿಸಿ ನೋಡುವ ವೀಟಾ ಕ್ಲಾಸಿಕಲ್ ಶೇಡ್ ಗೈಡ್‌ನಲ್ಲಿ ಎ1ರಿಂದ ಡಿ4ವರೆಗೆ 16 ಶೇಡ್ ಇವೆ. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಎರಡು ಬಣ್ಣ ಹಗಲು ಬೆಳಕಿನಲ್ಲಿ ಬೇರೆ ಕಾಣಬಹುದು, ಕಿಟಕಿ ಹತ್ತಿರ ಹೋಗಿ ನೋಡಿ. ಲಿಪ್‌ಸ್ಟಿಕ್ ಹಾಕಿಕೊಂಡು ಹೋಗಬೇಡಿ.

ನೇರಮಾತು_ತುಮಕೂರು

ಗ್ಲೇಜ್ ವಿಷಯ ಗೊತ್ತಿರಲಿಲ್ಲ. ಆದರೆ ನನ್ನ ಹಲ್ಲು ಅರ್ಧಕ್ಕಿಂತ ಜಾಸ್ತಿ ಹೋಗಿತ್ತು, ರೂಟ್ ಕೆನಾಲ್ ಬೇರೆ ಆಗಿತ್ತು. ಮೇಡಂ ಅವರದ್ದು ಬರೀ ಮೂಲೆ ಅನ್ನುವುದನ್ನು ನಾನು ಗಮನಿಸಲಿಲ್ಲ, ನನ್ನ ಸಲಹೆ ಅವರಿಗೆ ಹೊಂದುವುದಿಲ್ಲ.

ಟೀಚರಮ್ಮ_ಶಿವಮೊಗ್ಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲು ಹಾಕಿಕೊಟ್ಟ ಡಾಕ್ಟರ ಹತ್ತಿರವೇ ನಿನ್ನೆ ಹೋದೆ. ಮೊದಲು ಪಾಲಿಶ್ ಮಾಡಿ ನೋಡಿ ಅಂತ ಕೇಳಿದೆ. ಒಂದರ ಮೇಲೊಂದು ನುಣುಪಾದ ನಾಲ್ಕು ಡಿಸ್ಕ್ ಬದಲಿಸಿ, ಕೊನೆಗೆ ಪೇಸ್ಟ್ ಹಾಕಿ ಉಜ್ಜಿದರು. ಹದಿನೈದು ನಿಮಿಷವೂ ಆಗಲಿಲ್ಲ. ಮಂಕು ಹಳದಿ ಮುಕ್ಕಾಲು ಭಾಗ ಹೋಯ್ತು! ಪಕ್ಕದ ಹಲ್ಲುಗಳ ಸಂದಿಯಲ್ಲೂ ಕಂದು ಇತ್ತು, ನೀವು ಹೇಳಿದ ಹಾಗೇ, ಅದನ್ನೂ ತೆಗೆದರು. ಅಂಚಿನ ಗೆರೆ ಮಾತ್ರ ಹೋಗಲಿಲ್ಲ. ಹುಳುಕಿಲ್ಲ, ಶನಿವಾರ ಅಲ್ಲಿ ಸ್ವಲ್ಪ ಬಿಡಿಸಿ ಹೊಸದು ತುಂಬುತ್ತೇನೆ ಅಂದಿದ್ದಾರೆ. ತುಂಬಿದ ದಿನ ಕಾಫಿ ಕುಡಿಯಬಹುದಾ?

ಹಲ್ಲಿನಡಾಕ್ಟರ್_ದಾವಣಗೆರೆ

ಬಹಳ ಸಂತೋಷ ಮೇಡಂ. ಲೈಟ್ ತೆಗೆದ ಮೇಲೂ ಕಾಂಪೋಸಿಟ್ ಒಳಗೊಳಗೇ ಗಟ್ಟಿಯಾಗುತ್ತಿರುತ್ತದೆ, ಹೆಚ್ಚಿನದೆಲ್ಲ 24 ಗಂಟೆಯೊಳಗೆ ಮುಗಿಯುತ್ತದೆ. ಶನಿವಾರ ಒಂದು ದಿನ ಕಾಫಿ, ಅರಿಶಿನ ಬಿಟ್ಟು ಮೊಸರನ್ನ ತಿನ್ನಿ. ಭಾನುವಾರ ಸಂಜೆಯ ಕಾಫಿಗೆ ಅಡ್ಡಿಯಿಲ್ಲ.